ತಕ್ಕಡಿಯ ಮೇಲಿನ ಕಿರುಬೆರಳು

ನಮ್ಮ ಹಳೆಯ ಚೌಕದ ಕಲ್ಲುಕಮಾನಿನ ಕೆಳಗೆ ತರಕಾರಿ ಮಾರುವ ಅಕ್ಕನ ಬಾಯಿ ಬಲು ಸಿಹಿ. ಮಕ್ಕಳ ಕೈಗೆ ಪುಕ್ಕಟೆ ಕ್ಯಾರೆಟ್ ಕೊಡುತ್ತಾಳೆ, ಚೀಲದ ಮೇಲೆ ಕೊಸರು ಅಂತ ಒಂದೆಳೆ ಸೊಪ್ಪು ಹಾಕುತ್ತಾಳೆ. ತೂಗುವಾಗ ಮಾತ್ರ ಅವಳ ಕಿರುಬೆರಳು ತರಕಾರಿ ತಟ್ಟೆಯ ಅಂಚಿನ ಮೇಲೆ ಬೆಕ್ಕಿನಂತೆ ಸದ್ದಿಲ್ಲದೆ ಬಂದು ಕೂರುತ್ತದೆ. ಎದುರಂಗಡಿಯಲ್ಲಿ ಕನ್ನಡಕ ರಿಪೇರಿ ಮಾಡುವ ನನಗೆ ಇದು ಎಂದೋ ಗೊತ್ತು. ಅವಳ ನಾಲಿಗೆಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ.

ಹೋದ ವರ್ಷ ಚಿತ್ರಗಾರನೊಬ್ಬ ಬಂದು ನನ್ನ ಅಂಗಡಿ ಮುಂದೆ ಸ್ಟೂಲು ಹಾಕಿಕೊಂಡ. ಚೌಕವನ್ನು ಇದ್ದದ್ದು ಇದ್ದ ಹಾಗೆ ಬರೆದು ನಗರಸಭೆಯ ಗೋಡೆಗೆ ಹಾಕಬೇಕಂತೆ. ಅಕ್ಕ ಹೊಸ ಬಟ್ಟೆ ತೊಟ್ಟು ಬರತೊಡಗಿದಳು. ಒಂದು ದಿನ ಇಣುಕಿ ನೋಡಿದರೆ, ಕಮಾನಿನ ಮೇಲೆ ಪಾರಿವಾಳ, ಆಕಳಿಸುವ ಹಮಾಲಿ, ರಾಶಿ ಟೊಮ್ಯಾಟೊ, ತಟ್ಟೆಯ ಮೇಲೆ ಕಿರುಬೆರಳು! ಅಕ್ಕನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು.

"ಅಣ್ಣಾ, ಆ ಬೆರಳು ಅಳಿಸಿಬಿಡಿ. ಊರೋರೆಲ್ಲ ನೋಡಿದ್ರೆ ನನ್ನ ಹತ್ರ ಯಾರು ಬರ್ತಾರೆ?"

"ಕಂಡಿದ್ದನ್ನ ಬರೆಯೋನು ನಾನು. ನೀವು ತೆಗೀರಿ ಅಕ್ಕಾ, ನಾನೂ ತೆಗೀತೀನಿ."

ಮರುದಿನ ಅಕ್ಕ ಬೆರಳು ಇಡಲೇಬಾರದೆಂದು ಹಟ ತೊಟ್ಟು ಕೂತಳು. ಹುಟ್ಟುಗುಣ ಸುಟ್ಟರೂ ಹೋದೀತೇ? ಮಾತಿಗೆ ಬಾಯಿ ತೆರೆದರೆ ಸಾಕು, ಬೆರಳು ತನ್ನ ಪಾಡಿಗೆ ತಟ್ಟೆ ಹತ್ತುತ್ತಿತ್ತು. "ಥೂ, ಮಾನಗೆಟ್ಟಿದ್ದೇ!" ಎಂದು ಅದಕ್ಕೇ ಬೈದಳು. ಕೊನೆಗೆ ಚಾಕು ತಾಗಿತೆಂದು ಸುಳ್ಳು ಹೇಳಿ ಬಟ್ಟೆ ಸುತ್ತಿದಳು. ಬಟ್ಟೆ ಸಮೇತ ಬೆರಳು ತಟ್ಟೆ ಹತ್ತಿತು. ಚಿತ್ರಗಾರ ಆ ಬಟ್ಟೆಯನ್ನೂ ನಿಷ್ಠೆಯಿಂದ ಬರೆದ.

ಚಿತ್ರ ಗೋಡೆಗೇರಿದ ದಿನ ಅಕ್ಕ ಜನರ ಹಿಂದೆ ಜೀವ ಕೈಯಲ್ಲಿ ಹಿಡಿದು ನಿಂತಿದ್ದಳು. ಯಾರೋ ಅಂದರು, "ಪಾಪ, ಗಾಯದ ಕೈಯಲ್ಲೂ ದುಡೀತಾಳಲ್ಲ!" ಎಲ್ಲರೂ ಹೌದೌದೆಂದರು. ಕಳ್ಳಬೆರಳಿಗೂ ಕನಿಕರವೇ ಎಂದು ನನಗಂತೂ ಹೊಟ್ಟೆ ಉರಿಯಿತು. ಅಕ್ಕ ಆ ಬೆರಳನ್ನು ಮೆರೆಸುತ್ತ ಮನೆಗೆ ಹೋದಳು.

ಬೆಳಿಗ್ಗೆ ಅವಳ ಗಿರಾಕಿಯಾದ ಆಸ್ಪತ್ರೆಯ ನರ್ಸಮ್ಮ ಔಷಧಿ ಪೆಟ್ಟಿಗೆ ಹಿಡಿದೇ ಬಂದರು. ಕೊಸರಾಡುವ ಅಕ್ಕನ ಕೈ ಹಿಡಿದು ಬಟ್ಟೆ ಬಿಚ್ಚಿದರು. ಒಂದು ಗೀರೂ ಇರಲಿಲ್ಲ. ಸುತ್ತ ಕನಿಕರದ ಗುಂಪು ಬೇರೆ. ನರ್ಸಮ್ಮ ಗುಂಪಿಗೆ ಕಾಣದಂತೆ ತಮ್ಮ ಅಂಗೈ ಅಡ್ಡ ಹಿಡಿದುಕೊಂಡೇ, ಕಿರುಬೆರಳಿಗೆ ಮರದ ಪಟ್ಟಿ ಇಟ್ಟು ಪಕ್ಕದ ಬೆರಳಿನ ಜೊತೆ ಬಿಗಿಯಾಗಿ ಕಟ್ಟಿದರು. ಬೆರಳು ಸೆಟೆದು ನಿಂತಿತು.

"ನಾನು ಹೇಳೋವರೆಗೂ ಬಿಚ್ಚಬೇಡಿ ಅಕ್ಕಾ. ಎಷ್ಟು ವರ್ಷದಿಂದ ದುಡಿದಿದೆಯೋ, ಪಾಪ! ಎಲ್ಲಿ, ಒಂದು ಕೆಜಿ ಟೊಮ್ಯಾಟೊ ಕೊಡಿ."

ಅಕ್ಕ ಎಂದಿನಷ್ಟೇ ಹಾಕಿ ತಕ್ಕಡಿ ಎತ್ತಿದಳು. ಟೊಮ್ಯಾಟೊ ಇದ್ದ ತಟ್ಟೆ ಮೇಲಕ್ಕೇ ನಿಂತಿತು. ಇನ್ನೊಂದು ಹಾಕಿದಳು, ಇಳಿಯಲಿಲ್ಲ. ಗುಂಪು ಬಗ್ಗಿ ನೋಡುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಅವಳು ಮತ್ತೊಂದು ಹಾಕಿದಳು.