ಯಾರ ಗೋಡೆಗೆ ಯಾರು

ನಾನು ಮಂಡಲ ಪಂಚಾಯಿತಿಯ ಮೆಂಬರ್ ಆಗಿ ಊರೂರು ತಿರುಗಿದ್ದು ಒಂದು ಗೋಡೆಯ ಬಲದ ಮೇಲೆ. ಹೀಗೆ ಹೇಳಿದರೆ ಇಂದಿನವರು ನಗುತ್ತಾರೆ, ನಗಲಿ.

ಮಣ್ಣೂರಿನಿಂದ ಸ್ವಲ್ಪ ಆಚೆ, ಭೀಮಾ ನದಿಯ ದಂಡೆಗೆ ನಮ್ಮ ಹಳೆಯ ಓಣಿ. ಅಲ್ಲಿ ಎರಡು ಮನೆಗೆ ಒಂದೇ ಗೋಡೆ. ನಮ್ಮ ಗೋಡೆಯ ಆಚೆ ನನ್ನ ಗೆಳತಿಯ ಮನೆ. ಇಬ್ಬರೂ ಒಂದೇ ಬೇಸಿಗೆಯಲ್ಲಿ ಆ ಓಣಿಗೆ ಸೊಸೆಯಾಗಿ ಬಂದವರು. ಹಾಲಿಗೆ ಹೆಪ್ಪು ಬೇಕೆಂದರೂ, ಅತ್ತೆಯಂದಿರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕೆಂದರೂ ಇಬ್ಬರಿಗೂ ಗೋಡೆಯೇ ಗತಿ. ನನ್ನ ಅತ್ತೆಗೆ ಎರಡೂ ಕಣ್ಣು ಹೋಗಿದ್ದವು. ನಾನು ಮೀಟಿಂಗಿಗೆ ಹೋದ ದಿನ ಅತ್ತೆ ಒಂದು ಸಲ ಕೂಗಿದರೆ ಸಾಕು, ಗೆಳತಿ ಹಿಟ್ಟಿನ ಕೈಯಲ್ಲೇ ಬಂದು ನೀರು ಕೊಡುತ್ತಿದ್ದಳು, ಕೈ ಹಿಡಿದು ಬಯಲಿಗೆ ಕರೆದುಕೊಂಡು ಹೋಗುತ್ತಿದ್ದಳು.

ಹೆಣ್ಣುಮಕ್ಕಳಿಗೆ ಸೀಟು ಬಂದ ಹೊಸತರಲ್ಲಿ ನಮ್ಮ ಮನೆಯಲ್ಲಿ ಬೇರೆಯೇ ಲೆಕ್ಕಾಚಾರ ಇತ್ತು. ಸಹಿ ಮಾಡುವವಳು ನಾನು, ಹೋಗಿ ಕುರ್ಚಿಯಲ್ಲಿ ಕೂಡುವವರು ಯಜಮಾನರು. ಮೊದಲ ಮೀಟಿಂಗಿನ ದಿನ ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುವಷ್ಟರಲ್ಲಿ ನಾನು ಸೆರಗು ಬಿಗಿದು ಬಸ್ ಹತ್ತಿಬಿಟ್ಟಿದ್ದೆ. ಸಂಜೆ ಬಂದಾಗ ಅವರು ಕೇಳಿದ್ದು ಒಂದೇ ಮಾತು: "ಅವ್ವನ್ನ ಯಾರ್ ನೋಡ್ಕೋಬೇಕು?" ನಾನು ಗೋಡೆ ತೋರಿಸಿದೆ. ಅವರು ಇಸ್ತ್ರಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಆದರೆ ಆ ಗೋಡೆ ಇಲ್ಲದ ದಿನ ನಾನು ಮೆಂಬರ್ ಅಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಹೊಳೆ ಬಂದಾಗಲೆಲ್ಲ ನಮ್ಮ ಓಣಿಗೂ ನಮಗಿಂತ ಕೆಳಗಿದ್ದ ಕೇರಿಗೂ ನೀರು ನುಗ್ಗುತ್ತಿತ್ತು. ಒಂದು ವರ್ಷ ಬಹಳ ಮನೆ ಕುಸಿದವು. ಸರ್ಕಾರ ಮೇಲಿನ ಹೊಲದಲ್ಲಿ ಜಾಗ ಕೊಂಡು ಎರಡೂ ಕಡೆಯವರಿಗೆ ಜನತಾ ಮನೆ ಕಟ್ಟಿಸುತ್ತೇನೆ ಅಂದಿತು. ಎಂಜಿನಿಯರ್ ಸಾಹೇಬರು ನೀಲಿ ನಕ್ಷೆ ಬಿಚ್ಚಿ ಹರವಿದರು. ಪಡಸಾಲೆ ಇತ್ತು, ಕಿಟಕಿ ಇತ್ತು, ಒಲೆಗೆ ಮಾತ್ರ ಜಾಗ ಇರಲಿಲ್ಲ. "ಸಾಹೇಬ್ರ, ಈ ಮನ್ಯಾಗ ಯಾರೂ ಉಣ್ಣಂಗಿಲ್ಲೇನ್ರಿ?" ಅಂದೆ. ಸಭೆ ನಕ್ಕಿತು, ಸಾಹೇಬರು ಕೆಂಪಾದರು. ಮುಂದಿನ ನಕ್ಷೆಯಲ್ಲಿ ಒಲೆಯ ಮೂಲೆಯೂ ಬಂತು, ಹೊಗೆ ಹೋಗಲು ಮೇಲೊಂದು ಬೆಳಕಿಂಡಿಯೂ ಬಂತು. ಇವತ್ತಿಗೂ ಆ ಬೆಳಕಿಂಡಿಗಳನ್ನು ಕಂಡರೆ ನನಗೆ ನನ್ನ ಮೇಲೆಯೇ ಪ್ರೀತಿ ಬರುತ್ತದೆ.

ಮನೆಗಳು ಜೋಡಿಮನೆಗಳು. ಖರ್ಚು ಉಳಿಯಲಿ ಎಂದು ಎರಡಕ್ಕೆ ಒಂದೇ ಗೋಡೆ. ನಮಗೆ ಅದು ಹೊಸತೇನಲ್ಲ. ಆದರೆ ಯಾರ ಗೋಡೆಗೆ ಯಾರು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುತ್ತೇವೆ ಅಂದರು.

ಚೀಟಿ ಎತ್ತುವವರು ಯಾರು? ನಮ್ಮ ಊರಲ್ಲಿ ಎಲ್ಲರೂ ಯಾರಿಗೋ ಮಾವ, ಯಾರಿಗೋ ಅಳಿಯ. ಪೂಜಾರಿಯೂ ಬೇಡ, ಮಾಸ್ತರರೂ ಬೇಡ ಅಂದರು ಮಂದಿ. ಅಷ್ಟರಲ್ಲಿ ಅಫಜಲಪುರದ ಬಸ್ ಬಂತು. ಡ್ರೈವರ್ ಆಳಂದ ಕಡೆಯವನು, ನಮ್ಮ ಊರಿನ ನಾಯಿಯ ಪರಿಚಯವೂ ಇಲ್ಲದವನು. ಅವನನ್ನೇ ಇಳಿಸಿದೆವು. ಅವನು ಕೈ ತೊಳೆದು, ಹಣೆಗೆ ಕೈ ಹಚ್ಚಿ, ಚೀಟಿಗಳಿದ್ದ ತಾಮ್ರದ ಕೊಡದೊಳಗೆ ಕೈ ಹಾಕಿದ. ಬಸ್ಸಿನಲ್ಲಿದ್ದವರು ಕಿಟಕಿಯಿಂದ ಅರ್ಧ ಹೊರಗೆ ಬಂದು, "ಲಗೂ ತೆಗೀಲೇ, ಸಂತಿ ಮುಗೀತದ!" ಎಂದು ಕೂಗುತ್ತಿದ್ದರು.

ನನ್ನ ಗೆಳತಿಗೆ ಹಿಂದಿನ ಸಾಲಿನ ಕೊನೆಯ ಮನೆ ಬಂತು. ಅದರ ಪಕ್ಕವೇ ಹಳ್ಳ. ನನಗೆ ನಡುವಿನ ಸಾಲು. ನನ್ನ ಗೋಡೆಯ ಆಚೆಯ ಮನೆ ಕೇರಿಯ ಒಬ್ಬ ಹೆಣ್ಣುಮಗಳಿಗೆ ಬಂತು. ಗಂಡ ಜೇವರ್ಗಿ ಕಡೆ ಕಾಲುವೆ ಕೆಲಸಕ್ಕೆ ಹೋದವನು ಹಬ್ಬಕ್ಕೊಮ್ಮೆ ಬರುತ್ತಿದ್ದ. ಆಕೆ ಕೂಲಿ ಮಾಡಿ ಎರಡು ಮಕ್ಕಳನ್ನು ಸಾಕುತ್ತಿದ್ದಳು. ಗೆಳತಿ ಅಲ್ಲೇ ಕಣ್ಣೀರು ಹಾಕಿದಳು. ಮನೆಗೆ ಬಂದು ಅತ್ತೆಗೆ ಹೇಳಿದರೆ, "ಆಕಿ ಕೈಲೆ ನಾ ನೀರ್ ಕುಡ್ಯಂಗಿಲ್ಲ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಯಜಮಾನರು ಬಹಳ ಸಮಾಧಾನದಿಂದ ಅಡಿಕೆ ಕತ್ತರಿಸುತ್ತಿದ್ದರು. ಆ ಸಮಾಧಾನ ನೋಡಿಯೇ ನನಗೆ ಮೈ ಉರಿಯಿತು.

ನನ್ನ ತಲೆ ಸುಮ್ಮನಿರುವ ತಲೆಯಲ್ಲ. ಮರುದಿನ ಮೇಲಿನ ಹೊಲಕ್ಕೆ ಹೋಗಿ ನೋಡಿದೆ. ಮನೆಗಳೆಲ್ಲ ಅಚ್ಚು ಹಾಕಿದ ಹಾಗೆ ಒಂದೇ ಥರ. ನಂಬರು ಇರುವುದು ಕಾಗದದ ಮೇಲೆ ಮಾತ್ರ, ಗೋಡೆಯ ಮೇಲೆ ಇನ್ನೂ ಬರೆದಿಲ್ಲ! ಹಾಗಾದರೆ ಮಂದಿಯನ್ನು ನಂಬರಿನ ಹಿಂದೆ ಓಡಿಸುವುದು ಯಾಕೆ? ಬೇಕಾದವರ ಪಕ್ಕದಲ್ಲಿ ಬೇಕಾದವರು ಕೂಡಲಿ, ಆಮೇಲೆ ಅವರವರ ಬಾಗಿಲಿಗೆ ಅವರವರ ನಂಬರು ಬರೆದರಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸಾಹೇಬರಿಗೆ ಹೇಳಿದೆ. "ಎಲ್ಲರೂ ಒಪ್ಪಿದರೆ ನೋಡೋಣಂತೆ, ಒಪ್ಪದಿದ್ದರೆ ಕಷ್ಟ" ಎಂದು ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನನಗೆ ಅಷ್ಟು ಬೆಳಕು ಸಾಕಿತ್ತು.

ಸಂಜೆ ಹನುಮಪ್ಪನ ಕಟ್ಟೆಯ ಹತ್ತಿರ ಮಂದಿ ಕೂಡಿದರು. ನಮ್ಮವರು ಕಟ್ಟೆಯ ಮೇಲೆ, ಕೇರಿಯವರು ಕೆಳಗೆ ನಿಂತಿದ್ದರು, ಯಾವಾಗಲೂ ಹಾಗೆಯೇ. ನನ್ನ ಮಾತು ಮುಗಿಯುವ ಮೊದಲೇ ಗೌಡರು ಎದ್ದರು. ಅವರ ಮನೆ ಊರ ಮೇಲುಗಡೆ ಇತ್ತು, ಅವರಿಗೆ ಹೊಳೆಯ ಭಯವಿಲ್ಲ, ಈ ಮನೆಗಳಿಗೂ ಅವರಿಗೂ ಸಂಬಂಧವೂ ಇಲ್ಲ. ಹೊಸ ಮನೆಗಳ ಮೊದಲ ಸಾಲಿಗೆ ಅವರ ಹೊಲ ಅಂಟಿಕೊಂಡಿತ್ತು, ಅಷ್ಟೇ.

"ಮೆಂಬರ್ ಬಾಯಿ ಲಾಖ್ ರೂಪಾಯಿ ಮಾತ್ ಹೇಳ್ಯಾಳ. ಹಳೀ ಊರಾಗ ಹೆಂಗಿದ್ದೆವೋ ಹಂಗ ಕೂಡ್ರೂಣು. ಓಣಿಯವರು ಮುಂದ, ನಡುವ. ಕೇರಿಯವರು ಹಿಂದ, ಹಳ್ಳದ ಸಾಲಿಗೆ. ಯಾರಿಗೂ ತಕರಾರ್ ಇಲ್ಲಲ್ಲಾ?"

ಕಟ್ಟೆಯ ಮೇಲಿನ ತಲೆಗಳೆಲ್ಲ ಅಲುಗಿದವು. ಪಕ್ಕದಲ್ಲಿ ಕೂತ ಗೆಳತಿ ಖುಷಿಯಿಂದ ನನ್ನ ಕೈ ಹಿಚುಕಿದಳು. ಆ ಹಳ್ಳದ ದಂಡೆ ಎರೆಮಣ್ಣು. ಮಳೆಗಾಲದಲ್ಲಿ ಮೊಣಕಾಲುಮಟ್ಟ ಕೆಸರು. ಕೇರಿಯವರನ್ನು ಹೊಳೆಯಿಂದ ಎತ್ತಿ ಹಳ್ಳಕ್ಕೆ ಹಾಕಿದ ಹಾಗೆ.

ಆಗ ನನ್ನ ಗೋಡೆಗೆ ಬಂದಿದ್ದ ಆ ಹೆಣ್ಣುಮಗಳು ಮುಂದೆ ಬಂದಳು. ಗೌಡರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ಮೆಂಬರ್ ಬಾಯಾರ, ಒಂದ್ ಮಾತ್ ಕೇಳ್ತೇನ್ರಿ. ಚೀಟಿ ಎತ್ತಿದಾಂವ ಡ್ರೈವರ್. ಅಂವಗ ನಾ ಯಾರಂತ ಗೊತ್ತಿದ್ದಿಲ್ಲ, ಅದಕ್ಕ ನನಗ ನಡುವಿನ ಸಾಲ ಬಂತು. ಗೊತ್ತಿದ್ದವರೆಲ್ಲ ಈಗ ಹಿಂದ ಸರಿ ಅನ್ನಾಕತ್ತಾರ. ನಾ ಓಟ್ ಹಾಕಿದ್ದು ನಿಮಗ. ನೀವ್ ಬಿಡಂದ್ರ ಬಿಡ್ತೇನಿ. ಅವರ ಬಾಯಿಲೆ ಬ್ಯಾಡ, ನಿಮ್ಮ ಬಾಯಿಲೆ ಹೇಳ್ರಿ."

"ಬಿಡು" ಅಂದರೆ ನನ್ನ ಗೆಳತಿ ನನ್ನ ಗೋಡೆಗೆ ಬರುತ್ತಾಳೆ, ಅತ್ತೆಗೆ ಕಣ್ಣು ಬರುತ್ತದೆ, ನನ್ನ ಮೆಂಬರಿಕೆ ಉಳಿಯುತ್ತದೆ. ಎರಡೇ ಅಕ್ಷರ. ಆದರೆ ಆಕೆ ಕೇಳಿದ ರೀತಿ ಇದೆಯಲ್ಲ, ಅದರಲ್ಲಿ ಅಳು ಇರಲಿಲ್ಲ, ಅಂಗಲಾಚಿಕೆ ಇರಲಿಲ್ಲ. ನನಗೆ ಗೌಡರ ಮೇಲೆ ಸಿಟ್ಟು ಬಂತು. ನನ್ನ ಸೆರಗಿನಲ್ಲಿ ಅವರು ತಮ್ಮ ಗಂಟು ಕಟ್ಟಿಕೊಂಡು ಹೊರಟಿದ್ದರು.

"ಚೀಟಿ ಎಲ್ಲಿ ಬಿದ್ದದ ಅಲ್ಲೇ ಇರ್ಲಿ," ಅಂದೆ. "ನಾಳಿಗೆ ಬಣ್ಣ ತರಸಿ, ನಾನೇ ನಿಂತು ನಂಬರ್ ಬರಸ್ತೇನಿ."

"ಮತ್ತ ನಿಮ್ಮ ಅತ್ತಿ ಗತಿ?" ಗೌಡರು ನಕ್ಕರು.

"ಅದು ನಮ್ಮ ಮನಿ ಮಾತ್ರಿ, ಗೌಡ್ರ. ಊರ ಕಟ್ಟಿಗಿ ತರಬ್ಯಾಡ್ರಿ."

ಗೆಳತಿ ನನ್ನ ಕೈ ಬಿಟ್ಟಳು. "ನಿನಗ ನನಕಿಂತ ಓಟ್ ಹೆಚ್ಚಾದ್ವು" ಎಂದು ಎದ್ದು ಹೋದಳು. ಅದು ಎದೆಗೆ ನಾಟಿತು. ಆ ರಾತ್ರಿ ಉಣ್ಣಲಿಲ್ಲ. ಆದರೂ ಬೆಳಗಾಗೆದ್ದು ಕೆಂಪು ಬಣ್ಣದ ಡಬ್ಬಿ ಹಿಡಿದು ಮೇಲಿನ ಹೊಲಕ್ಕೆ ಹೋದೆ. ಮಾಡಿದ್ದು ಸರಿ ಎನ್ನುವ ಬಗ್ಗೆ ಅಂದೂ ಅನುಮಾನ ಇರಲಿಲ್ಲ, ಇಂದೂ ಇಲ್ಲ.

ಹೊಸ ಮನೆಗೆ ಬಂದೆವು. ಹಳೆಯ ಮನೆಯಲ್ಲಿ ಅತ್ತೆಗೆ ಹೊಸ್ತಿಲು, ಕಂಬ, ಕಾಳು ತುಂಬುವ ಹಗೇವು ಎಲ್ಲ ಕಾಲಿಗೇ ಗೊತ್ತಿದ್ದವು. ಇಲ್ಲಿ ಬಾಗಿಲು ಎಲ್ಲಿ ಎಂದೇ ತಿಳಿಯದೆ ಮೂಲೆ ಹಿಡಿದು ಕೂತಳು. ನಾನು ಹೊಲಕ್ಕೆ ಹೋದರೂ ಓಡಿ ಓಡಿ ಬರಬೇಕು. ಒಂದೆರಡು ಮೀಟಿಂಗ್ ತಪ್ಪಿದವು. "ಸುಮ್ನ ಯಾಕ್ ಒದ್ದಾಡ್ತಿ, ರಾಜೀನಾಮಿ ಬರದ ಕೊಡು" ಎಂದರು ಯಜಮಾನರು. ಗೋಡೆಯ ಆಚೆ ಮಕ್ಕಳು ಅಳುವುದು, ರೊಟ್ಟಿ ಬಡಿಯುವುದು ಎಲ್ಲ ಕೇಳುತ್ತಿತ್ತು. ಅತ್ತೆ ಆ ಕಡೆಯ ಸದ್ದಿಗೆ ಕಿವಿಯನ್ನೂ ಕೊಡುತ್ತಿರಲಿಲ್ಲ. ಆ ಹೆಣ್ಣುಮಗಳೂ ನಮ್ಮ ಅಂಗಳ ತುಳಿದಿರಲಿಲ್ಲ. ನಾನು ಕರೆದರೆ, "ಮುದುಕಿ ಕರೀಲಿ, ಬರ್ತೇನಿ" ಅನ್ನುತ್ತಿದ್ದಳು.

ಅಷ್ಟರಲ್ಲಿ ಬೋರಿನ ಮೀಟಿಂಗ್ ಬಂತು. ಹೊಸ ಮನೆಗಳಿಗೆಲ್ಲ ಸೇರಿ ಒಂದೇ ಬೋರು. ಗೌಡರಿಗೆ ಅದು ಮೊದಲ ಸಾಲಿನ ಮುಂದೆ, ತಮ್ಮ ಹೊಲದ ಅಂಚಿಗೆ ಬೀಳಬೇಕಿತ್ತು. ಅವರ ಕಡೆಯ ಮೆಂಬರುಗಳು ಆಗಲೇ ಮಾತಾಡಿಕೊಂಡಿದ್ದರು. ಬೆಳಿಗ್ಗೆ ಆ ಹೆಣ್ಣುಮಗಳು ನಮ್ಮ ಅಂಗಳದ ಅಂಚಿಗೆ ಬಂದು ನಿಂತಳು.

"ಇವತ್ತ ನಾ ಕೂಲಿಗಿ ಹೋಗಂಗಿಲ್ರಿ. ನೀವ್ ಮೀಟಿಂಗಿಗಿ ಹೋಗ್ರಿ."

"ನಮ್ಮತ್ತಿ ನಿನ್ನ ಕರ್ಯಂಗಿಲ್ಲ, ಯವ್ವಾ."

"ಕರೀಲಿ ಬಿಡ್ಲಿ, ನನಗ ನೀರ್ ಬೇಕು. ನೀವ್ ಇಲ್ಲಿ ಕುಂತ್ರ ಬೋರ್ ಗೌಡ್ರ ಹೊಲದಾಗ ಬೀಳ್ತದ. ಹೋಗ್ರಿ, ಬಸ್ ಬರೂ ಹೊತ್ತಾತು."

ಹೋದೆ. ಮೀಟಿಂಗಿನಲ್ಲಿ ಏನೇನು ಮಾತಾಡಿದೆನೋ, ನನ್ನ ಗಂಟಲು ಬಿದ್ದುಹೋಗಿತ್ತು. ನಡುವಿನ ಸಾಲಿಗೆ ಬೋರು ಎಂದು ಠರಾವು ಬರೆಸಿ, ಅದನ್ನು ಓದಿಸಿ ಕೇಳಿದ ಮೇಲೆಯೇ ಎದ್ದದ್ದು. ಆದರೆ ಬಸ್ಸಿನಲ್ಲಿ ನಿಂತು ಬರುವಾಗ ಗೆದ್ದ ಖುಷಿ ಎಲ್ಲ ಇಳಿದು ಹೋಯಿತು. ಅತ್ತೆ ಎಡವಿ ಬಿದ್ದಿದ್ದರೆ? ಒಲೆಯ ಮೇಲೆ ಕೈ ಇಟ್ಟಿದ್ದರೆ? ಯಜಮಾನರ ಮುಂದೆ ಏನು ಹೇಳಲಿ? ಬಸ್ ಇಳಿದು ಓಡುತ್ತಲೇ ಬಂದೆ.

ಅತ್ತೆ ಅಂಗಳದಲ್ಲಿ ಕೂತಿದ್ದಳು. ಹೊಸ ಮನೆಗೆ ಬಂದ ಮೇಲೆ ಆಕೆ ಗಾಳಿಗೆ ಬಂದು ಕೂತದ್ದು ಅದೇ ಮೊದಲು. ಆಚೆ ತನ್ನ ಹೊಸ್ತಿಲಲ್ಲಿ ಆ ಹೆಣ್ಣುಮಗಳು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತದೆ ಕೇಳಿದಳು: "ಬೋರು?"

"ನಮ್ಮ ಸಾಲಿಗಿ."

"ಹ್ಞಾಂ," ಅಂದು ಮತ್ತೆ ಜೋಳ ಕೇರತೊಡಗಿದಳು. ಆಮೇಲೆ ತಗ್ಗಿದ ದನಿಯಲ್ಲಿ ನಡೆದದ್ದು ಹೇಳಿದಳು. ಮಧ್ಯಾಹ್ನ ಅತ್ತೆ ಹೊರಗೆ ಹೋಗಲು ಎದ್ದು, ಬಾಗಿಲು ಸಿಗದೆ ನಡುಮನೆಯಲ್ಲಿ ನಿಂತು ಮೊದಲು ನನ್ನನ್ನು ಕರೆದಳಂತೆ. ಆಮೇಲೆ ನನ್ನ ಗೆಳತಿಯನ್ನು. ಯಾರೂ ಬರದಾಗ, "ಯಾರರ ಅದೀರೇನ್ರೆ?" ಎಂದು ಕೂಗಿದಳಂತೆ. ಈಕೆ ಹೊಸ್ತಿಲ ಹೊರಗೆ ನಿಂತು, "ನಾ ಅದೇನಿ" ಅಂದಳು. "ನಾ ಅಂದ್ರ ಯಾರು?" ಈಕೆ ತನ್ನ ಹೆಸರು ಹೇಳಿದಳು, ತನ್ನ ಅವ್ವನ ಹೆಸರೂ ಹೇಳಿದಳು. ಅತ್ತೆ ಬಾಗಿಲಿಗಾಗಿ ಇನ್ನೊಮ್ಮೆ ತಡಕಾಡಿ, ಕೊನೆಗೆ ಕೈ ಮುಂದೆ ಚಾಚಿದಳಂತೆ.

ಉಂಡ ಮೇಲೆ ಅತ್ತೆಯನ್ನು ಹಾಸಿಗೆಗೆ ಕರೆದುಕೊಂಡು ಹೋಗಲು ಕೈ ಹಿಡಿದೆ. ಆಕೆ ಕಿತ್ತುಕೊಂಡಳು.

"ಹಂಗ ದರದರ ಎಳೀಬ್ಯಾಡ. ಹೆಂಗ್ ಹಿಡೀಬೇಕಂತ ಆಕಿನ್ನ ಕೇಳಿ ಕಲೀ."

ನಾನು ಮೆಲ್ಲಗೆ ಹಿಡಿದು ಕರೆದೊಯ್ದೆ. ಆಕೆ ಮಲಗಿ, ಕೌದಿ ಎಳೆದುಕೊಂಡು, ಇನ್ನೇನು ನಿದ್ದೆ ಹತ್ತಿತು ಅನ್ನುವಾಗ ಕೇಳಿದಳು:

"ಮುಂದಿನ ಮೀಟಿಂಗ್ ಯಾವಾಗ ಬೇ?"