ಕೆಮ್ಮು ನಿಂತ ಮ್ಯಾಲೆ

ಬ್ಯಾಡಗ್ಯಾಗ ಕೆಮ್ಮಿದವರ ಕಡೆ ಯಾರೂ ಹೊಳ್ಳಿ ನೋಡಂಗಿಲ್ಲ. ಮೆಣಸಿನಕಾಯಿ ಸುಗ್ಗಿ ಬಂತಂದ್ರ ಬಸ್ಸಿನಿಂದ ಇಳಿದಾಂವ ಮೊದಲು ಸೀನತಾನ, ಆಮ್ಯಾಲೆ ದಾರಿ ಕೇಳತಾನ. ನಮ್ಮ ಮನಿ ಎದುರಿಗೇ ಗೋದಾಮು. ಕಾಯಿಯ ತುಂಬು, ಅಂದ್ರ ತೊಟ್ಟು, ಬಿಡಸೋ ಹೆಂಗಸರು ಮುಖಕ್ಕ ಸೆರಗು ಕಟಗೊಂಡು ಕೆಮ್ಮತಿದ್ರು, ನಗತಿದ್ರು, ಮತ್ತ ಕೆಮ್ಮತಿದ್ರು. ಪ್ಯಾಟ್ಯಾಗ ದಲಾಲಿ ಮಾಡತಿದ್ದ ಅಪ್ಪಾನೂ ಕೆಮ್ಮತಿದ್ದ. ಅವಗ ಉಬ್ಬಸ. "ಈ ಘಾಟೇ ನಮಗ ಅನ್ನ ಹಾಕತೈತವ್ವ" ಅಂತ ಔಷಧದ ಪಂಪು ಬಾಯಾಗ ಒತ್ತಿಕೊಂಡು ಮತ್ತ ಪ್ಯಾಟಿಗೇ ಹೊಂಡತಿದ್ದ.

ನಾ ಆಗ ಹಾವೇರಿ ಕಾಲೇಜಿನಾಗ ಬಿ.ಕಾಂ. ಎರಡನೇ ವರ್ಷ. ಟ್ಯಾಲಿ ಕಲೀತೇನಿ ಅಂತ ಹಟ ಹಿಡಿದು ಅಪ್ಪನ ಕಡೆಯಿಂದ ಕಂಪ್ಯೂಟರ್ ಕೊಡಿಸಿಕೊಂಡಿದ್ದೆ. ಕಲ್ತದ್ದು ಬ್ಯಾರೇನ. ಕರ್ಜಗಿಯಿಂದ ಬರೋ ಗೆಳತಿ ಒಂದು ಆಟದ ಸೀಡಿ ಕೊಟ್ಟು, "ಒಬ್ಬಾಕೀನ ಕುಂತು ಆಡಬ್ಯಾಡ ನೋಡಲೇ" ಅಂದಿದ್ಲು. ಹಂಗಂದ್ರ ಬಿಡತೇನೇನು ನಾ?

ಆ ಆಟದಾಗ ನೀನ ಒಳಗ ಇರತಿ. ನಿನ್ನ ಮುಖ ಕಾಣಂಗಿಲ್ಲ, ಎರಡು ಕೈ ಅಷ್ಟ ಕಾಣತಾವು. ಹಾಳುಬಿದ್ದ ದವಾಖಾನಿ. ನೀ ಯಾರು, ಅಲ್ಲಿಗೆ ಯಾಕ ಬಂದಿ, ಒಂದೂ ನೆನಪಿಲ್ಲ. ಒಂದೊಂದು ಬಾಗಲಕ್ಕೂ ಒಂದೊಂದು ಒಗಟು ಬಿಡಸಬೇಕು. ಕತ್ತಿಯಿಲ್ಲ, ಬಂದೂಕಿಲ್ಲ. ಒಂದು ಪೀಡಾ ಗೊರಗೊರ ಉಸಿರು ಎಳಕೋತ, ಕೆಮ್ಮಿಕೋತ ನಿನ್ನ ಹುಡಕತಿರತೈತಿ. ಅದನ್ನ ನೋಡಿದಿ ಅಂದ್ರ ನಿನಗ ಹುಚ್ಚು ಹಿಡೀತೈತಿ. ಕಪಾಟಿನಾಗ ಹೊಕ್ಕು ಸುಮ್ಮನ ಕುಂದರಬೇಕು. ಸಪ್ಪಳ ನಿಂತ್ರ ನೀ ಪಾರಾದಿ, ಹೊರಗ ಬರಬಹುದು.

ಅವತ್ತ ಅವ್ವ ಅಗಡಿಗೆ ತಂಗಿ ಮನಿಗೆ ಹೋಗಿದ್ಲು. ಅಪ್ಪ ಮಧ್ಯಾಹ್ನಕ್ಕ ಪ್ಯಾಟಿ ಬಿಟ್ಟು ಬಂದು ಪಡಸಾಲ್ಯಾಗ ಮಂಚದ ಮ್ಯಾಲೆ ಅಡ್ಡಾದ.

"ಚಹಾ ಮಾಡ್ಲೇನಪ್ಪಾ?"

"ಆಮ್ಯಾಲೆ ಮಾಡಂತಿ. ಯಾಕೋ ಉಸಿರು ಕಟ್ಟಾಕತ್ತೈತಿ. ಇಲ್ಲೇ ಇರವ್ವ."

"ಇಲ್ಲೇ ಅದೀನಪ್ಪಾ" ಅಂದೆ. ಅಂದು, ಘಾಟು ಬರತೈತಿ ಅಂತ ಖೋಲಿ ಬಾಗಲಾ ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿದೆ. ನಾಕು ದಿನದಿಂದ ಆಟದಾಗಿನ ಒಂದು ಬಾಗಲಾ ನನ್ನ ಜೀವಾ ತಿಂದಿತ್ತು. ಮೂರು ಕೊಳವಿಯ ಗಾಲಿ ಯಾವುದರ ಮುಂದ ಯಾವುದು ತಿರುವಬೇಕು, ತಿಳೀವಲ್ದು.

ಕೆಮ್ಮು ಕೇಳಿಸ್ತು. ಕಪಾಟಿನಾಗ ಹೊಕ್ಕೆ. ಕೆಮ್ಮು ನಿಲ್ಲವಲ್ದು. ಗೊರಗೊರ, ಮತ್ತ ಕೆಮ್ಮು. ಏನೋ ಬಿದ್ದ ಸಪ್ಪಳ. ಎಷ್ಟು ಹೊತ್ತು ಕಾಯಲಿ? ನನ್ನ ಸಿಟ್ಟು ನೆತ್ತಿಗೇರಿತು. "ಥೂ ಪೀಡಾ, ಸಾಕ್ ಮಾಡು ಇನ್ನ!" ಅಂತ ಬಾಯಿ ಬಿಟ್ಟು ಒದರಿದೆ.

ನಿಂತಿತು. ಪಾರಾದೆ ಅಂತ ಹೊರಗ ಬಂದು ಗಾಲಿ ತಿರುವಿದೆ. ಬಾಗಲಾ ತೆಗೀತು! ಕುಣಕೋತ ಹೆಡ್‌ಫೋನ್ ಕಿತ್ತೊಗೆದು, ಚಹಾ ಮಾಡಾಕಂತ ಪಡಸಾಲಿಗೆ ಬಂದೆ.

ಅಪ್ಪ ನೆಲದ ಮ್ಯಾಲೆ ಕುಂತಿದ್ದ. ಎರಡೂ ಕೈಲೆ ಮಂಚದ ಕಾಲು ಹಿಡಿದಿದ್ದ. ತುಟಿ ನೀಲಿ. ಎದಿ ಏಳತಿತ್ತು, ಸಪ್ಪಳಿಲ್ಲ. ಪಂಪು ಮಂಚದ ಕೆಳಗ ಉರುಳಿ ಹೋಗಿತ್ತು. ತಗದು ಬಾಯಾಗಿಟ್ಟು ಒತ್ತಿದೆ, ಒತ್ತಿದೆ. ಒಳಗ ಹೋಗೂದಕ್ಕ ಉಸಿರೇ ಇಲ್ಲ, ಯಪ್ಪಾ, ನಾ ಏನು ಮಾಡ್ಲಿ? ಬೀದಿಗೆ ಓಡಿ ಒದರಿದೆ. ತುಂಬು ಬಿಡಸೋ ಹೆಂಗಸರು ಬಂದು ಎತ್ತಿ ಗೂಡ್ಸ್ ಆಟೋದಾಗ ಕುಂದರಿಸಿದ್ರು. ಪ್ಯಾಟಿ ದಿನ, ರಸ್ತೆ ತುಂಬ ಕಾಯಿ ಚೀಲದ ಟ್ರ್ಯಾಕ್ಟರು. ಆಟೋ ಒಂದು ಮಾರು ಹೋಗತಿತ್ತು, ನಿಲ್ಲತಿತ್ತು. ಘಾಟು ಬಡೀಬಾರದಂತ ನಾ ಅಪ್ಪನ ಹೆಗಲಿನ ವಲ್ಲಿ ಅವನ ಮೂಗಿಗೆ ಅಡ್ಡ ಹಿಡಿದು ಕುಂತಿದ್ದೆ. ಬ್ಯಾರೆ ಏನೂ ನನ್ನ ಕೈಲಾಗಲಿಲ್ಲ.

ಊರಿನ ದವಾಖಾನ್ಯಾಗ ಆಕ್ಸಿಜನ್ ಹಚ್ಚಿ ರಾಣೆಬೆನ್ನೂರಿಗೆ ಕಳಿಸಿದ್ರು. ಜೀವಾ ಉಳೀತು. ಅಲ್ಲಿಯ ಡಾಕ್ಟರು ನನಗ, "ಕೆಮ್ಮೋತನಕ ಅಂಜಬ್ಯಾಡ್ರಿ. ಕೆಮ್ಮು ನಿಂತಾಗ ಓಡಿ ಬರ್ರಿ" ಅಂದ್ರು. ಮನಿಗೆ ಬಂದ ದಿನಾನ ಸೀಡಿ ಮುರದು ಒಲಿಗೆ ಹಾಕಿದೆ.

ತಿಂಗಳಾಗಿತ್ತು. ಖೋಲಿ ಬಾಗಲಾ ತೆಗದ್ರ ಎದುರಿಗೇ ಅಪ್ಪ. ವಲ್ಲಿ ಬಾಯಿಗೆ ಒತ್ತಿ ಹಿಡಿದಾನ, ಮುಖ ಕೆಂಪಗ, ಕಣ್ಣಾಗ ನೀರು. ಕೆಮ್ಮು ನುಂಗಾಕತ್ತಾನ.

"ಯಾಕಪ್ಪಾ? ಕೆಮ್ಮಿಬಿಡು!"

"ನಿನ್ನ ಅಭ್ಯಾಸ ಕೆಡತೈತವ್ವ. ಅವತ್ತ ನೀ 'ಸಾಕ್ ಮಾಡು' ಅಂತ ಬೈದದ್ದು ಕೇಳಿಸ್ತು. ನಂದೂ ಅತೀನ ಆತು."

ಅಯ್ಯೋ ದೇವರ! ಅಪ್ಪನ ಕೈ ಹಿಡಿದು ಎಲ್ಲಾ ಹೇಳಿದೆ. ಆಟ, ದವಾಖಾನಿ, ಕಪಾಟು, ಅದರಾಗಿನ ಪೀಡಾ, ಅದೂ ಕೆಮ್ಮತಿತ್ತು, ನಾ ಬೈದದ್ದು ಅದಕ್ಕ ಅಂತ. ಹೇಳಿಕೋತ ಹೋದಂಗ ನನಗ ಅದು ಸುಳ್ಳು ಕಟ್ಟಿದಂಗ ಕೇಳಾಕತ್ತು. ತೋರಸೋಣಂದ್ರ ಸೀಡಿ ಬೂದಿ ಆಗಿತ್ತು.

ಅಪ್ಪ ಪೂರಾ ಕೇಳಿದ. ನನ್ನ ತಲಿ ಮ್ಯಾಲೆ ಕೈ ಆಡಿಸಿ, "ಇರಲಿ ಬಿಡವ್ವ, ಸಿಟ್ಟಿನಾಗ ಒಂದು ಮಾತು ಬರತೈತಿ" ಅಂದ. ಅಂದು, ವಲ್ಲಿ ಬಾಯಿಗೆ ಒತ್ತಿಕೊಂಡು, ಕೆಮ್ಮಾಕ ಹಿತ್ತಲಕ್ಕ ಹೋದ.