ಹೋದ ವರ್ಷದ ಏಳನೇ ನಂಬರು

ಅರಸೀಕೆರೆಯ ನಮ್ಮ ಕಾಲೇಜಿನೆದುರು ಇಸ್ತ್ರಿ ಅಂಗಡಿ ಇಟ್ಟಿದ್ದ ತಾತ ಬ್ಯಾಸ್ಕೆಟ್‌ಬಾಲ್ ಆಟ ನೋಡಿದವರೇ ಅಲ್ಲ. ತಂಡದ ಅಂಗಿಗಳನ್ನು ಒಗೆದು ಕೊಡುತ್ತಿದ್ದರು, ಅಂಗಿ ನೋಡಿಯೇ ಆಟಗಾರ್ತಿಯರನ್ನು ಅಳೆಯುತ್ತಿದ್ದರು. ಹಳಬರು ಬಿಟ್ಟುಹೋದ ಅಂಗಿಗಳೇ ಹೊಸಬರಿಗೆ. ನನಗೆ ಏಳನೇ ನಂಬರಿನದು ಬಂತು.

"ಹೋದೊರ್ಸದ ಏಳು ಬ್ಯಾರೆ ಕಣವ್ವ. ಅಂಗಿ ಮಣ್ಣಾಗ್ದೆ ಬಾಲ್ ಸಿಕ್ತದಾ?" ಅಂತ ಪ್ರತಿ ಸಲ ಕುಟುಕುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಬೇಲೂರಿನ ಪಂದ್ಯದಲ್ಲಿ ಬಾಲಿಗಾಗಿ ಬಿದ್ದು, ಭುಜದ ಹತ್ತಿರ ಹರಿದ ಅಂಗಿ ತಂದೆ. ತಾತ ಕನ್ನಡಕ ಏರಿಸಿ, ಕೆಂಪು ದಾರದಲ್ಲಿ ತಾವೇ ಹೊಲಿದರು.

ಕಾಲೇಜು ಮುಗಿಸಿದ ಮೇಲೆ, ಮೊನ್ನೆ ಕಣಕಟ್ಟೆ ಬಸ್ಸಿನಲ್ಲಿ ಪಕ್ಕದ ಹುಡುಗಿ ತೊಟ್ಟಿದ್ದ ಅಂಗಿಯ ಭುಜದಲ್ಲಿ ಆ ಕೆಂಪು ಹೊಲಿಗೆ ಕಂಡಿತು.

"ಹೊಸ ಟೀಮು ಹೆಂಗೈತೆ?" ಅಂದೆ.

"ಚೆನ್ನಾಗೇ ಐತಕ್ಕ. ಇಸ್ತ್ರಿ ತಾತಂದೇ ಕಾಟ. ಹೋದೊರ್ಸದ ಏಳು ಬ್ಯಾರೆ ಅಂತ ದಿನಾ ಒಂದೇ ರಾಗ. ಯಾರಕ್ಕ ಅವ್ಳು?"

"ಯಾರೋ, ನಂಗೇನ್ ಗೊತ್ತು ಕಣೇ" ಅಂದು ಕಿಟಕಿ ಕಡೆ ತಿರುಗಿ ನಕ್ಕೆ.